ಹಲಗೆಯ ನೆಲವೂ ಅದರ ದಿಕ್ಕೂ

ಕಲ್ಲುಚಪ್ಪಡಿಗೆ ದಿಕ್ಕಿಲ್ಲ. ಗಾರೆಗೂ ಇಲ್ಲ; ಸೆಗಣಿ ಸಾರಿಸಿದ ಮಣ್ಣಿನ ನೆಲಕ್ಕಂತೂ ಇಲ್ಲವೇ ಇಲ್ಲ. ಚೌಕವಾದ ಕಲ್ಲನ್ನು ಹೇಗೆ ತಿರುಗಿಸಿ ಕೂರಿಸಿದರೂ ಅದು ಕಲ್ಲೇ. ಆದುದರಿಂದ ನಮ್ಮ ನಾಡಿನಲ್ಲಿ ಮನೆ ಕಟ್ಟಿಸುವವರು ನೆಲದ ನುಣುಪನ್ನೂ ತಂಪನ್ನೂ ಬಣ್ಣವನ್ನೂ ವೆಚ್ಚವನ್ನೂ ವಿಚಾರಿಸುವರೇ ಹೊರತು, ನೆಲವು ಯಾವ ಕಡೆಗೆ ಹರಿಯಬೇಕೆಂದು ಕೇಳುವುದಿಲ್ಲ. ಹಲಗೆಯ ವಿಷಯ ಹಾಗಲ್ಲ. ಹಲಗೆಯೆಂಬುದು ಒಂದು ಕಾಲದಲ್ಲಿ ನೆಟ್ಟಗೆ ನಿಂತಿದ್ದ ಮರ. ಬುಡದಿಂದ ತುದಿಗೆ ನೀರನ್ನು ಏರಿಸಿದ ಎಳೆಗಳು ಅದರಲ್ಲಿ ಉದ್ದುದ್ದವಾಗಿ ಕೂಡಿಕೊಂಡಿವೆ. ಕೊಯ್ದು, ಕೀಸಿ, ಮೆರುಗೆಣ್ಣೆ ಬಳಿದು ನೆಲದ ಮೇಲೆ ಮಲಗಿಸಿದ ಮೇಲೂ ಅದಕ್ಕೆ ಉದ್ದದ ಸ್ವಭಾವವೇ ಬೇರೆ, ಅಗಲದ ಸ್ವಭಾವವೇ ಬೇರೆ. ಹಲಗೆಯ ನೆಲವನ್ನು ಹಾಸುವವನಿಗೆ ಮೊದಲು ಎದುರಾಗುವ ಪ್ರಶ್ನೆ ಇದನ್ನು ಯಾವ ದಿಕ್ಕಿಗೆ ಹಾಸಬೇಕೆಂಬುದು. ಅದಕ್ಕೆ ಉತ್ತರವನ್ನು ಕಂಡುಕೊಂಡು, ಒಂದು ಕೋಣೆಯನ್ನು ಮುಗಿಸಿ, ಪಕ್ಕದ ಕೋಣೆಯ ಬಾಗಿಲಿಗೆ ಬಂದು ನಿಂತಾಗ ಎರಡನೆಯದೂ ಹೆಚ್ಚು ಕಠಿನವೂ ಆದ ಪ್ರಶ್ನೆಯೊಂದು ಏಳುವುದು: ಅದೇ ದಿಕ್ಕಿನಲ್ಲಿ ಮುಂದುವರಿಯಬೇಕೆ, ಇಲ್ಲಿ ತಿರುಗಬೇಕೆ? ನಾವು ಈಗ ಪರಾಮರ್ಶಿಸಬೇಕೆಂದಿರುವುದು ಈ ಎರಡನೆಯ ಪ್ರಶ್ನೆಯನ್ನು.

ಈ ಪ್ರಶ್ನೆ ನಮ್ಮ ಹಳೆಯ ಮನೆಗಳಲ್ಲಿ ಏಳಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಮಲೆನಾಡಿನ ಮನೆಗಳ ಅಟ್ಟಕ್ಕೆ ಜಂತೆಗಳ ಮೇಲೆ ಹಲಗೆ ಹಾಸುವ ಪದ್ಧತಿ ಉಂಟಷ್ಟೆ. ಅಟ್ಟವಿರಲಿ, ಕೆಳಗಿನ ನೆಲವಿರಲಿ, ನಮ್ಮಲ್ಲಿ ಕೋಣೆಗೂ ಕೋಣೆಗೂ ನಡುವೆ ಹೊಸ್ತಿಲೆಂಬುದೊಂದು ಇದ್ದೇ ಇದ್ದಿತು. ಮೂರು ನಾಲ್ಕು ಅಂಗುಲ ಎತ್ತರದ ದಪ್ಪ ತೊಲೆ ಬಾಗಿಲಿನ ಚೌಕಟ್ಟಿಗೆ ಕೆಳಗಿನ ತೋಳಾಗಿ ಅಡ್ಡಬಿದ್ದಿರುವಾಗ, ಇತ್ತಲ ನೆಲ ಇತ್ತಲೇ ಮುಗಿಯಿತು, ಅತ್ತಲ ನೆಲ ಅತ್ತಲೇ ಆರಂಭವಾಯಿತು. ಎರಡಕ್ಕೂ ಒಂದನ್ನೊಂದು ಕೇಳುವ ಅಗತ್ಯವಿರಲಿಲ್ಲ. ಅರಿಸಿನ ಕುಂಕುಮವಿಟ್ಟು ಹೊಸ್ತಿಲನ್ನು ಪೂಜಿಸುವ ನಮ್ಮ ಹೆಂಗಸರು ಬಡಗಿಯ ದೊಡ್ಡ ತೊಡಕೊಂದನ್ನು ಅದು ನಿವಾರಿಸಿದೆಯೆಂದು ಯೋಚಿಸಿರಲಾರರು. ಆದರೆ ನಿವಾರಿಸಿದ್ದು ನಿಜ.

ಪ್ರಶ್ನೆ ತೀವ್ರವಾಗಿ ಏಳುವುದು ಹೊಸ್ತಿಲು ಅಳಿದುಹೋದ ಮನೆಗಳಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನದ ಮನೆಗಳನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಗಟ್ಟಿಮರದ ಹಲಗೆನೆಲ ಆ ದೇಶದಲ್ಲಿ ರೂಢವಾಗಿರುವಷ್ಟು ಬೇರೆ ಕೆಲವೇ ಕಡೆಗಳಲ್ಲಿ ಇರಬಹುದು. ಅಲ್ಲಿನ ಸಾಧಾರಣ ಮನೆಯ ಅಸ್ಥಿಪಂಜರವೇ ಮರದ್ದು. ಗೋಡೆಯಿಂದ ಗೋಡೆಗೆ, ಸಾಮಾನ್ಯವಾಗಿ ನಡುವಿನಿಂದ ನಡುವಿಗೆ 16 ಅಂಗುಲ ಅಂತರದಲ್ಲಿ, ಜಂತೆಗಳನ್ನು ಸಾಲಾಗಿ ಹೂಡುವರು. ಅವುಗಳ ಮೇಲೆ ಒರಟು ಹಲಗೆಗಳನ್ನಾಗಲಿ ಪ್ಲೈವುಡ್ಡನ್ನಾಗಲಿ ಹೊದಿಸುವರು. ಇದನ್ನು ನಾವು ಒಳನೆಲವೆಂದು ಕರೆಯೋಣ. ಒಳನೆಲದ ಮೇಲೆ ಕಣ್ಣಿಗೆ ಕಾಣುವ ನೆಲ ಬರುವುದು. ಅದು ಬಹುಕಾಲದಿಂದ ರೂಢಿಯಲ್ಲಿರುವ ಅಳತೆಯಲ್ಲಿ ಎರಡೂಕಾಲು ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಓಕ್ ಮರದ ಪಟ್ಟಿಗಳು. ಪ್ರತಿ ಪಟ್ಟಿಯ ಒಂದು ಅಂಚಿನಲ್ಲಿ ನಾಲಗೆ, ಇನ್ನೊಂದು ಅಂಚಿನಲ್ಲಿ ತೋಡು, ತುದಿಗಳಲ್ಲಿಯೂ ಹಾಗೆಯೇ. ಒಂದರ ತೋಡು ಹಿಂದಿನದರ ನಾಲಗೆಯನ್ನು ಕಚ್ಚಿಕೊಳ್ಳುವುದು. ಮೊಳೆಯನ್ನು ನಾಲಗೆಯ ಬುಡದಲ್ಲಿ ಓರೆಯಾಗಿ ಹೊಡೆಯುವುದರಿಂದ ಅದರ ತಲೆ ಮುಂದಿನ ಪಟ್ಟಿಯ ತೋಡಿನೊಳಗೆ ಮರೆಯಾಗುವುದು. ಹೀಗೆ ಹಾಸಿದ ನೆಲ ಹೊಸ್ತಿಲಿಲ್ಲದ ಬಾಗಿಲುಗಳ ಮೂಲಕ ಮನೆಯೆಲ್ಲ ಹರಿಯಬಲ್ಲುದು. ಹರಿಯಬಲ್ಲುದಾದುದರಿಂದಲೇ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂಬ ಚಿಂತೆ.

ಈ ಚಿಂತೆಯನ್ನು ಮನೆಯೊಡೆಯರು ಸಾಮಾನ್ಯವಾಗಿ ಅಂದದ ಪ್ರಶ್ನೆಯೆಂದು ಭಾವಿಸುವರು. ನಮ್ಮ ಅಭಿಪ್ರಾಯದಲ್ಲಿ ಅಂದಕ್ಕೆ ಇಲ್ಲಿ ಮೂರನೆಯ ಮಾತು. ಮೊದಲನೆಯ ಮಾತು ಕೆಳಗಿರುವ ಜಂತೆಗಳದು. ಎರಡನೆಯದು ಮರ ಹಿಗ್ಗುವ ಕುಗ್ಗುವ ಗುಣದ್ದು. ಇವೆರಡನ್ನೂ ಕೇಳಿಕೊಂಡು ಉಳಿದ ಅವಕಾಶದಲ್ಲಿ ಕಣ್ಣನ್ನು ತೃಪ್ತಿಪಡಿಸಬೇಕು.

ಜಂತೆಗಳ ಮಾತು ಸರಳವಾದುದು: ಹಲಗೆ ಜಂತೆಗಳಿಗೆ ಅಡ್ಡವಾಗಿ ಬೀಳಬೇಕು. ಹಾಗೆ ಬಿದ್ದರೆ ಆರಡಿಯ ಹಲಗೆಯೊಂದು ನಾಲ್ಕೈದು ಜಂತೆಗಳ ಮೇಲೆ ಮೈಯೂರಿರುವುದು; ಕಾಲಿಟ್ಟ ಭಾರ ಹಲವು ಹೆಗಲುಗಳಿಗೆ ಹಂಚಿಹೋಗುವುದು. ಜಂತೆಗಳ ಜೊತೆಗೆ ಸಮಾನಾಂತರವಾಗಿ ಹಾಸಿದರೋ, ಕೆಲವು ಹಲಗೆಗಳಿಗೆ ಜಂತೆ ಉದ್ದಕ್ಕೂ ಸಿಕ್ಕುವುದು, ಅವುಗಳ ನೆರೆಯ ಹತ್ತಾರು ಅಂಗುಲದ ಹಲಗೆಗಳಿಗೆ ಸಿಕ್ಕುವುದೇ ಇಲ್ಲ. ಅವುಗಳಿಗೆ ಆಧಾರ ತೆಳುವಾದ ಒಳನೆಲವೊಂದೇ. ಮೊಳೆ ಕಚ್ಚುವುದೂ ಅದನ್ನೇ. ಒಳನೆಲ ಎರಡು ಜಂತೆಗಳ ನಡುವೆ ಸ್ವಲ್ಪ ಜಗ್ಗಿದರೆ ಹಲಗೆಗಳ ಸಂದು ಉದ್ದಕ್ಕೂ ಬಾಯಿಬಿಡುವುದು, ಮೊಳೆ ಸಡಿಲಿ ಹೆಜ್ಜೆಹೆಜ್ಜೆಗೂ ಕಿರುಗುಟ್ಟುವುದು. ಇದು ಮೊದಲ ವರ್ಷದಲ್ಲಿಯೇ ಕಾಣಬೇಕೆಂದಿಲ್ಲ. ನೆಲಕ್ಕೆ ಹಣ ಕೊಟ್ಟು ಕಳುಹಿಸಿದ ಮೇಲೆ, ಬಡಗಿಯ ಹೆಸರು ಮರೆತುಹೋದ ಮೇಲೆ ಕಾಣುವುದೇ ಹೆಚ್ಚು.

ಇಲ್ಲಿ ಸ್ವಾರಸ್ಯವಾದ ಅಂಶವೊಂದುಂಟು. ಮರವನ್ನು ಉಳಿಸುವ ದೃಷ್ಟಿಯಿಂದ ಜಂತೆಗಳನ್ನು ಕೋಣೆಯ ಕಿರಿದಾದ ಪಕ್ಕಕ್ಕೆ ಹೂಡುವುದು ವಾಡಿಕೆ. ಹನ್ನೆರಡಡಿ ಅಗಲ ಹದಿನೆಂಟಡಿ ಉದ್ದದ ಕೋಣೆಯಲ್ಲಿ ಹದಿನೆಂಟಡಿಯ ಜಂತೆಯನ್ನು ಯಾರು ಹೂಡುವರು? ಜಂತೆ ಅಗಲಕ್ಕೆ ಹೋದರೆ ಅದಕ್ಕೆ ಅಡ್ಡವಾದ ಹಲಗೆ ತಾನಾಗಿಯೇ ಉದ್ದಕ್ಕೆ ಹೋಗುವುದು. ಕಣ್ಣಿಗೂ ಉದ್ದನೆಯ ಹಲಗೆ ಉದ್ದನೆಯ ದಿಕ್ಕಿನಲ್ಲಿ ಹೋಗುವುದೇ ಹಿತ. ಆದುದರಿಂದ ಒಂದೇ ಕೋಣೆಯನ್ನು ನೋಡುವಾಗ ಬಲವೂ ಚೆಲುವೂ ಹೆಚ್ಚಾಗಿ ಜಗಳವಾಡುವುದಿಲ್ಲ. ಜಗಳ ಹುಟ್ಟುವುದು ಪಕ್ಕದ ಕೋಣೆಯ ಉದ್ದ ಬೇರೆ ದಿಕ್ಕಿಗಿರುವಾಗ. ಅಲ್ಲಿ ಜಂತೆಗಳು ತಿರುಗಿವೆ, ಹಲಗೆಗಳೂ ತಿರುಗಬೇಕೆನ್ನುವುವು. ಹಳೆಯ ಮನೆಗಳಲ್ಲಿ ಬಾಗಿಲ ಬಳಿ ಹಲಗೆಯ ದಿಕ್ಕು ಬದಲಾಗಿರುವುದನ್ನು ಕಂಡು ಇದು ಯಾವನೋ ಬಡಗಿಯ ವಿಲಾಸವೆಂದು ತಿಳಿಯಬಾರದು. ಅನೇಕ ವೇಳೆ ಅದು ಕೆಳಗಣ ಅಸ್ಥಿಗಳ ಬರಹ.

ಜಂತೆಗಳು ಯಾವ ಕಡೆಗಿವೆಯೆಂದು ಊಹಿಸಬೇಕಾಗಿಲ್ಲ, ನೋಡಬಹುದು. ಆ ದೇಶದ ಮನೆಗಳಲ್ಲಿ ನೆಲಮಾಳಿಗೆಯಿದ್ದರೆ ಅಲ್ಲಿಗೆ ಇಳಿದು ತಲೆಯೆತ್ತಿದರೆ ಸಾಕು. ಜಂತೆಗಳಿಗೆ ಸಮಾನಾಂತರವಾಗಿಯೇ ಹಲಗೆ ಹಾಸಬೇಕೆಂಬ ಹಟವಿದ್ದರೆ ಉಪಾಯವೂ ಇಲ್ಲದಿಲ್ಲ. ಒಳನೆಲದ ಮೇಲೆ ಅರ್ಧ ಅಂಗುಲದ ಪ್ಲೈವುಡ್ ಇನ್ನೊಂದು ಪದರ ಹಾಸಿ ಬಿಗಿಯಬಹುದು, ಅಥವಾ ಕೆಳಗಿನಿಂದ ಜಂತೆಗೂ ಜಂತೆಗೂ ನಡುವೆ ಅಡ್ಡಮರದ ತುಂಡುಗಳನ್ನು ಕೂರಿಸಬಹುದು. ಆದರೆ ಹೊಸ ಪದರದಿಂದ ನೆಲ ಅರ್ಧ ಅಂಗುಲ ಏರುವುದೆಂಬುದನ್ನೂ, ಏರಿದ ನೆಲ ನೆರೆಯ ಕೋಣೆಯ ನೆಲಕ್ಕೆ ಸಮನಾಗುವುದಿಲ್ಲವೆಂಬುದನ್ನೂ ಮರೆಯಬಾರದು. ಹಳಬರು ಇದಕ್ಕಿಂತ ಜಾಣತನದ ಮಾರ್ಗವನ್ನು ಕಂಡಿದ್ದರು. ಪ್ಲೈವುಡ್ ಬಳಕೆಗೆ ಬರುವ ಮೊದಲು ಅಮೆರಿಕದ ಅನೇಕ ಮನೆಗಳಲ್ಲಿ ಒಳನೆಲದ ಒರಟು ಹಲಗೆಗಳನ್ನು ಜಂತೆಗಳಿಗೆ ಮೂಲೆಯೋಟವಾಗಿ, ಎಂದರೆ ಓರೆಯಾಗಿ, ಹಾಸುತ್ತಿದ್ದರು. ಅದರ ಮೇಲೆ ಮೇಲ್ನೆಲವನ್ನು ಉದ್ದಕ್ಕೆ ಹಾಸಿದರೂ ಅಡ್ಡಕ್ಕೆ ಹಾಸಿದರೂ ಒಳನೆಲದ ಸಂದುಗಳನ್ನು ಅದು ಅಡ್ಡವಾಗಿಯೇ ದಾಟುವುದು. ಮುಂದೆ ಬರುವವನ ಸ್ವಾತಂತ್ರ್ಯವನ್ನು ಮೊದಲು ಕಟ್ಟಿದವನೇ ಕಾಪಾಡಿದಂತಾಯಿತು. ಈ ಓರೆ ಹಲಗೆಯಲ್ಲಿ ಮರದ ತುಂಡು ಹೆಚ್ಚಾಗಿ ವ್ಯರ್ಥವಾಗುವುದು ನಿಜ. ಆ ವ್ಯಯವನ್ನು ನಾವು ದೋಷವೆಂದು ಎಣಿಸಲಾರೆವು.

ಇನ್ನು ಹಿಗ್ಗುವ ಕುಗ್ಗುವ ವಿಚಾರ. ಮರ ಸತ್ತ ಮೇಲೂ ಉಸಿರಾಡುವುದೆಂದು ಬಡಗಿಗಳು ಹೇಳುವ ಮಾತಿಗೆ ಲೆಕ್ಕದ ಆಧಾರವುಂಟು. ಗಾಳಿಯ ತೇವವೇರಿದರೆ ಮರ ನೀರನ್ನು ಹೀರುವುದು, ಇಳಿದರೆ ಬಿಡುವುದು. ಸುತ್ತಲ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 30 ಇದ್ದಾಗ ಒಳಗಣ ಮರದಲ್ಲಿ ತನ್ನ ಒಣ ತೂಕದ ಶೇಕಡ 6ರಷ್ಟು ನೀರು ನಿಲ್ಲುವುದು. 50 ಇದ್ದಾಗ ಸುಮಾರು 9. 80 ಆದಾಗ 16. ಹೀರಿದ ನೀರಿಗೆ ತಕ್ಕಂತೆ ಮರ ಉಬ್ಬುವುದು. ಆದರೆ ಎಲ್ಲ ಕಡೆಗೂ ಸಮನಾಗಿ ಉಬ್ಬುವುದಿಲ್ಲ. ನಮ್ಮ ಪ್ರಶ್ನೆಯ ತಿರುಳೆಲ್ಲ ಇರುವುದು ಇಲ್ಲಿ. ಹಸಿಮರ ಪೂರ್ತಿ ಒಣಗುವಾಗ ಕೆಂಪು ಓಕ್ ವರ್ಷದುಂಗುರಗಳ ಸುತ್ತಿನ ದಿಕ್ಕಿನಲ್ಲಿ ಶೇಕಡ 8.6ರಷ್ಟು ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಶೇಕಡ 4ರಷ್ಟು; ಎಳೆಯ ಉದ್ದಕ್ಕೆ ಮಾತ್ರ ಶೇಕಡ 0.1 ಅಥವಾ 0.2, ಎಂದರೆ ಇಲ್ಲವೆಂದೇ ಹೇಳಬೇಕು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಸ್ಥಾಪಿತವಾದ ಅರಣ್ಯೋತ್ಪನ್ನ ಸಂಶೋಧನಾಲಯವು ಇಂತಹ ಅಂಕಗಳನ್ನು ನೂರಾರು ಜಾತಿಯ ಮರಗಳಿಗಾಗಿ ಸಂಗ್ರಹಿಸಿಕೊಟ್ಟಿದೆ. ನಮ್ಮಲ್ಲಿಯೂ ಮೈಸೂರು ಸಂಸ್ಥಾನವು 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾಲಯವೊಂದನ್ನು ತೆರೆಯಿತು. ಅದೇ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಮಲ್ಲೇಶ್ವರದಲ್ಲಿ ಮುಂದುವರಿದಿದೆ.

ಲೆಕ್ಕವನ್ನು ಕೋಣೆಗೆ ಅನ್ವಯಿಸಿ ನೋಡೋಣ. ಚಳಿದೇಶಗಳಲ್ಲಿ ಚಳಿಗಾಲದ ಬೆಂಕಿಯ ಕಾವಿಗೆ ಮನೆಯೊಳಗಿನ ಗಾಳಿ ಒಣಗುವುದು, ಬೇಸಗೆಯಲ್ಲಿ ತೇವವೇರುವುದು. ಮರದ ನೀರಿನಂಶ ಈ ಎರಡು ಕಾಲಗಳ ನಡುವೆ ಶೇಕಡ 4ರಷ್ಟು ಬದಲಾಯಿತೆನ್ನೋಣ. ಹನ್ನೆರಡು ಅಡಿ ಅಗಲಕ್ಕೆ ಸಾಲಾಗಿ ಜೋಡಿಸಿದ ಓಕ್ ಪಟ್ಟಿಗಳು, ತಡೆಯಿಲ್ಲದೆ ಹಿಗ್ಗಲು ಬಿಟ್ಟರೆ, ಒಟ್ಟಿನಲ್ಲಿ ಎರಡು ಅಂಗುಲಕ್ಕೂ ಮಿಗಿಲಾಗಿ ಹಿಗ್ಗುವುವು. ಅದೇ ಹನ್ನೆರಡು ಅಡಿ ಉದ್ದದ ಹಲಗೆ ಉದ್ದಕ್ಕೆ ಹಿಗ್ಗುವುದು ಅಂಗುಲದ ಮೂವತ್ತರಲ್ಲೊಂದು ಪಾಲು. ವಾಸ್ತವದಲ್ಲಿ ಮೊಳೆಗಳ ಹಿಡಿತದಿಂದಲೂ ಸಂದುಸಂದಿನ ಸೂಕ್ಷ್ಮವಾದ ಎಡೆಯಿಂದಲೂ ಎರಡು ಅಂಗುಲ ಪೂರ್ತಿ ಹೊರಕ್ಕೆ ಬರುವುದಿಲ್ಲ. ಆದರೂ ಆ ಒತ್ತಡ ಸುಳ್ಳಲ್ಲ. ಗೋಡೆಯ ಬುಡದಲ್ಲಿ ಮುಕ್ಕಾಲು ಅಂಗುಲ ಎಡೆಬಿಟ್ಟು ಅದನ್ನು ಅಂಚುಪಟ್ಟಿಯಿಂದ ಮರೆಮಾಡುವುದು ಈ ಕಾರಣಕ್ಕಾಗಿಯೇ. ಎಡೆಯಿಲ್ಲದೆ ಗೋಡೆಗೆ ಒತ್ತಿ ಹಾಸಿದ ನೆಲ ಮಳೆಗಾಲವೊಂದರಲ್ಲಿ ನಡುವೆ ಮೇಲಕ್ಕೆ ಬಿಲ್ಲಿನಂತೆ ಎದ್ದುದುಂಟು.

ನಮ್ಮ ತೇಗವನ್ನು ಇದೇ ತಕ್ಕಡಿಯಲ್ಲಿ ತೂಗಿದರೆ ಅದೇ ಬದಲಾವಣೆಗೆ ಅದೇ ಅಗಲದಲ್ಲಿ ಅದು ಒಂದು ಅಂಗುಲದಷ್ಟು ಹಿಗ್ಗುವುದು, ಓಕಿನ ಅರ್ಧ. ಹಡಗು ಕಟ್ಟುವವರು ತೇಗವನ್ನು ಮೆಚ್ಚಿದುದು ಸುಮ್ಮನೆ ಅಲ್ಲ.

ಈಗ ಬಾಗಿಲಿಗೆ ಬರೋಣ. ಹಲಗೆ ದಿಕ್ಕು ತಿರುಗುವ ಬಾಗಿಲಿನಲ್ಲಿ ನಡೆಯುವುದೇನು? ಅಂಗಳದಂತಹ ಓಣಿಯೊಂದರ ಹಲಗೆಗಳು ನೇರವಾಗಿ ಬಾಗಿಲಿನ ಕಡೆಗೆ ನಡೆದು ಬರುತ್ತಿವೆ. ಒಳಗಣ ಕೋಣೆಯ ಹಲಗೆಗಳು ಬಾಗಿಲಿಗೆ ಅಡ್ಡವಾಗಿ ಮಲಗಿವೆ. ಕೋಣೆಯ ಹಲಗೆಗಳು ಹಿಗ್ಗುವ ದಿಕ್ಕು ಬಾಗಿಲಿನ ಕಡೆಗೆ. ಓಣಿಯ ಹಲಗೆಗಳು ಹಿಗ್ಗುವ ದಿಕ್ಕು ಬಾಗಿಲುಗೀಟಿನ ಉದ್ದಕ್ಕೆ, ಎಡಬಲಕ್ಕೆ. ಒಂದು ತಳ್ಳುವುದು, ಇನ್ನೊಂದು ಜಾರುವುದು. ತಳ್ಳುವುದರ ಮುಂದೆ ನಿಂತಿರುವುದು ಓಣಿಯ ಹಲಗೆಗಳ ತುದಿ. ಉದ್ದದ ದಿಕ್ಕಿನಲ್ಲಿ ಮರ ಮಣಿಯುವುದಲ್ಲ. ಹೀಗೆ ಎರಡು ಬೇರೆ ಬೇರೆ ಚಲನೆಗಳು ಸಂಧಿಸುವ ಗೀಟನ್ನು ಅಂಟು ಸುರಿದು ಕಲ್ಲಿನಂತೆ ಬಂಧಿಸಿದರೆ ಯಾವುದಾದರೊಂದು ಸೋಲಲೇಬೇಕು: ತುದಿಯ ನಾಲಗೆ ಮುರಿಯುವುದು, ಇಲ್ಲವೆ ಸಂದು ಬಿರಿಯುವುದು. ದಿನಕ್ಕೆ ನೂರು ಸಲ ಕಾಲು ತುಳಿಯುವ ಜಾಗವೂ ಅದೇ ಆಗಿದೆ.

ಇದಕ್ಕೆ ಒಳ್ಳೆಯ ಬಡಗಿಗಳು ಕಂಡುಕೊಂಡಿರುವ ಪರಿಹಾರ ಅಡ್ಡಹಲಗೆ. ಒಂದೇ ಒಂದು ಪಟ್ಟಿಯನ್ನು ಬಾಗಿಲಿಗೆ ಅಡ್ಡವಾಗಿ, ಮೂಲೆಮಟ್ಟ ಹಿಡಿದು, ಮೊದಲು ಕೂರಿಸುವರು. ಅದರ ತೋಡು ಓಣಿಯ ಕಡೆಗೆ. ಓಣಿಯ ಹಲಗೆಗಳ ತುದಿಯ ನಾಲಗೆಗಳು ಒಂದೊಂದಾಗಿ ಬಂದು ಅದರೊಳಗೆ ಸೇರುವುವು. ಅದರ ನಾಲಗೆ ಕೋಣೆಯ ಕಡೆಗೆ. ಕೋಣೆಯ ಮೊದಲ ಹಲಗೆ ಅದನ್ನು ಕಚ್ಚಿಕೊಂಡು ಅಲ್ಲಿಂದ ಎದುರು ಗೋಡೆಯ ಕಡೆಗೆ ಕೆಲಸ ಸಾಗುವುದು. ಕೋಣೆಯನ್ನು ಬಾಗಿಲಿನಿಂದ ಆರಂಭಿಸುವುದರಲ್ಲಿ ಹೆಚ್ಚಿನ ಅರ್ಥವಿದೆ. ಬಾಗಿಲ ಬಳಿ ನೆಲ ಬಿಗಿಯಾಗಿ ನಿಂತು, ಹಿಗ್ಗೆಲ್ಲ ಎದುರು ಗೋಡೆಯ ಬುಡದಲ್ಲಿ ಬಿಟ್ಟಿರುವ ಎಡೆಯ ಕಡೆಗೆ ದಾರಿ ಹಿಡಿಯುವುದು. ಎದುರು ಗೋಡೆಯಿಂದ ಆರಂಭಿಸಿ ಬಾಗಿಲಿಗೆ ಬಂದು ಮುಗಿಸಿದರೆ, ಕೊನೆಗೆ ಅರ್ಧ ಅಂಗುಲದ ಸೀಳೊಂದನ್ನು ಬಾಗಿಲಲ್ಲಿ ತುರುಕಬೇಕಾಗುವುದು. ಹಿಗ್ಗೂ ಅಲ್ಲಿಗೇ ಬರುವುದು. ಎರಡೂ ಕೆಡುಕೇ.

ಅಡ್ಡಹಲಗೆ ಬಾಗಿಲಿನಲ್ಲಿ ಎಲ್ಲಿ ಬೀಳಬೇಕು? ಗೋಡೆಯ ದಪ್ಪದ ನಡುವೆ ಎಂದು ಹಲವರು ಹೇಳುವರು. ನಮಗೆ ಸರಿಯೆಂದು ತೋರುವುದು ಬಾಗಿಲು ಮುಚ್ಚಿದಾಗ ಅದರ ರೆಕ್ಕೆಯ ಕೆಳಗೆ. ರೆಕ್ಕೆ ಗೋಡೆಯ ನಡುವೆ ಇರುವುದಿಲ್ಲ. ಅದು ತೆರೆಯುವ ಕೋಣೆಯ ಮಗ್ಗುಲಿಗೆ ಅಂಟಿಕೊಂಡಿರುವುದು. ಸಂದನ್ನು ಅದರ ಕೆಳಗೆ ಇಟ್ಟರೆ ಬಾಗಿಲು ಮುಚ್ಚಿ ಓಣಿಯಲ್ಲಿ ನಿಂತವನಿಗೆ ಓಣಿಯ ನೆಲ ಮಾತ್ರ ಕಾಣುವುದು, ಕೋಣೆಯಲ್ಲಿ ಕುಳಿತವನಿಗೆ ಕೋಣೆಯದು ಮಾತ್ರ. ಸಂದನ್ನು ಎರಡಂಗುಲ ಆಚೆಗೋ ಈಚೆಗೋ ಸರಿಸಿದರೆ ಪಕ್ಕದ ಕೋಣೆಯ ನೆಲದ ತುಣುಕೊಂದು ಬಾಗಿಲ ಕೆಳಗಿಂದ ನಾಲಗೆ ಚಾಚಿದಂತೆ ತೋರುವುದು. ರೆಕ್ಕೆಯೇ ಇಲ್ಲದ ಬರಿಯ ತೆರಪಾದರೆ ಗೋಡೆಯ ಪೂರ್ತಿ ದಪ್ಪವನ್ನು ಅಡ್ಡಹಲಗೆಗಳಿಂದಲೇ ತುಂಬುವುದು ಒಪ್ಪವಾಗಿರುವುದು. ನೋಡುವವನಿಗೆ ಹೊಸ್ತಿಲಿನ ನೆನಪೂ ಆಗುವುದು.

ಬಾಗಿಲಿನ ಚೌಕಟ್ಟಿನ ಕಾಲುಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಹಲಗೆಯನ್ನು ಚೌಕಟ್ಟಿನ ಆಕಾರಕ್ಕೆ ಕೆತ್ತಿ ಕೂರಿಸುವುದು ಅಜ್ಞಾನ. ಎಷ್ಟು ನಾಜೂಕಾಗಿ ಕೆತ್ತಿದರೂ ಒಂದು ಚಳಿಗಾಲದೊಳಗೆ ಅಲ್ಲಿ ಕರಿಯ ಬಿರುಕು ಕಾಣುವುದು. ಹಲಗೆಯ ತುಂಡೊಂದನ್ನು ನೆಲದ ಮೇಲೆ ಅಳತೆಗಿಟ್ಟು, ಅದರ ಮೇಲೆ ಗರಗಸವನ್ನು ಮಲಗಿಸಿ, ಚೌಕಟ್ಟಿನ ಕಾಲನ್ನೇ ಬುಡದಲ್ಲಿ ಹಲಗೆಯ ದಪ್ಪದಷ್ಟು ಕೊಯ್ದು, ಹಲಗೆಯನ್ನು ಅದರಡಿಗೆ ತೂರಿಸಬೇಕು. ಹಲಗೆ ಒಳಗೊಳಗೇ ಹಿಗ್ಗಲಿ, ಕುಗ್ಗಲಿ, ಹೊರಗೆ ಗೊತ್ತಾಗದು.

ದಿಕ್ಕು ತಿರುಗಿಸುವುದರಿಂದ ಒಂದು ಲಾಭವೂ ಉಂಟು. ಅದನ್ನು ಬಲ್ಲವರು ಕಡಿಮೆ. ಯಾವ ಮನೆಯ ಗೋಡೆಗಳೂ ಒಂದಕ್ಕೊಂದು ಸರಿಯಾಗಿ ನೆಟ್ಟಗಿರುವುದಿಲ್ಲ. ಮೊದಲ ಕೋಣೆಯ ಹಲಗೆಯ ಗೀಟು ನೂರಕ್ಕೊಂದರಷ್ಟು ಓರೆಯಾಗಿದ್ದರೆ ಅದೇ ಗೀಟನ್ನು ಹಿಡಿದು ಹದಿನೈದು ಅಡಿ ಹೋಗುವಷ್ಟರಲ್ಲಿ ಹೆಚ್ಚುಕಡಮೆ ಎರಡು ಅಂಗುಲ ಸರಿದಿರುವುದು. ಮೂರನೆಯ ಕೋಣೆಯ ಗೋಡೆಯ ಪಕ್ಕದಲ್ಲಿ ಒಂದು ಕೊನೆ ಅಗಲ, ಒಂದು ಕೊನೆ ಕಿರಿದಾದ ಪಟ್ಟಿ ಹಾಸಬೇಕಾಗುವುದು. ಅಡ್ಡಹಲಗೆ ಹಾಕಿ ತಿರುಗಿದ ಕಡೆ ಹಿಂದಿನ ಕೋಣೆಯ ಸಾಲ ಅಲ್ಲಿಗೆ ತೀರಿತು. ಹೊಸ ಕೋಣೆ ತನ್ನ ಲೆಕ್ಕವನ್ನು ತಾನೇ ಆರಂಭಿಸುವುದು. ಮನೆಯೆಲ್ಲ ಒಂದೇ ದಿಕ್ಕಿನಲ್ಲಿ ಹರಿಯಬೇಕೆನ್ನುವವರು ಮೊದಲ ದಿನವೇ ಎಲ್ಲ ಬಾಗಿಲುಗಳ ಮೂಲಕ ಸುಣ್ಣದ ದಾರವನ್ನು ಎಳೆದು ಮಿಡಿದು, ಯಾವ ಗೋಡೆಯನ್ನೂ ನಂಬದೆ, ಆ ಗೀಟನ್ನೇ ನಂಬಿ ಹಾಸಬೇಕು.

ಹಾಗೆ ಒಂದೇ ದಿಕ್ಕಿನಲ್ಲಿ ಹರಿಸುವವರಿಗೂ ತಿರುಗುವ ಸಮಸ್ಯೆ ಪೂರ್ತಿ ತಪ್ಪದು. ನಾಲಗೆಯ ಕಡೆಗಲ್ಲದೆ ಹಲಗೆಯ ಕೆಲಸ ಮುಂದೆ ಸಾಗುವುದಿಲ್ಲವಷ್ಟೆ. ನಡುಮನೆಯ ನಡುವೆ ಆರಂಭಿಸಿ ಬಲಕ್ಕೆ ಸಾಗಿದವನು ಎಡಗಡೆಯ ಕೋಣೆಗಳಿಗೆ ಹೋಗುವುದು ಹೇಗೆ? ಅಲ್ಲಿ ಅವನಿಗೆ ಎದುರಾಗುವುದು ತೋಡು. ಆಗ ಉದ್ದನೆಯ ತೆಳುಪಟ್ಟಿಯೊಂದನ್ನು ತೋಡಿನೊಳಗೆ ಅರ್ಧ ಮುಳುಗುವಂತೆ ಅಂಟಿಸಿ ಕೂರಿಸುವರು. ಹೊರಗುಳಿದ ಅರ್ಧವೇ ಹೊಸ ನಾಲಗೆ. ಇಲ್ಲಿ ಅಂಟು ಹಾಕಬಹುದು, ಏಕೆಂದರೆ ಎರಡು ಕಡೆಯ ಹಲಗೆಗಳೂ ಒಂದೇ ದಿಕ್ಕಿಗೆ ಮಲಗಿವೆ, ಒಂದೇ ರೀತಿ ಹಿಗ್ಗುವುವು. ಹೀಗೆ ನಡುವಿನಿಂದ ಎರಡು ಕಡೆಗೂ ಸಾಗಿದ ನೆಲದ ಹಿಗ್ಗು ಎರಡು ಗೋಡೆಗಳಿಗೂ ಹಂಚಿಹೋಗುವುದು. ಇಪ್ಪತ್ತು ಅಡಿಗೆ ಮೀರಿದ ಅಗಲದ ಹಜಾರಗಳಲ್ಲಿ ಈ ಕ್ರಮ ವಿಶೇಷವಾಗಿ ಹಿತಕರ.

ಕಣ್ಣಿನ ವಿಚಾರವನ್ನು ಸಂಕ್ಷೇಪವಾಗಿ ಮುಗಿಸುವೆವು. ಓಣಿಯಲ್ಲಿ ಹಲಗೆ ಉದ್ದಕ್ಕೇ ಹೋಗಬೇಕು; ಅಡ್ಡಕ್ಕೆ ಹಾಸಿದರೆ ನಡೆಯುವವನಿಗೆ ಮಲಗಿಸಿದ ಏಣಿಯ ಮೆಟ್ಟಿಲುಗಳನ್ನು ಎಣಿಸಿದಂತಾಗುವುದು. ದೊಡ್ಡ ಕಿಟಕಿಯ ಬೆಳಕು ಹಲಗೆಯ ಉದ್ದಕ್ಕೆ ಬಿದ್ದರೆ ಸಂದುಗಳ ನೆರಳು ಅಡಗುವುದು, ಅಡ್ಡಕ್ಕೆ ಬಿದ್ದರೆ ಒಂದೊಂದು ಸಂದೂ ಎದ್ದು ಕಾಣುವುದು. ಅಕ್ಕಪಕ್ಕದ ನಾಲ್ಕು ಕೋಣೆಗಳು ನಾಲ್ಕು ದಿಕ್ಕಿಗೆ ತಿರುಗಿ, ಎಲ್ಲ ಬಾಗಿಲುಗಳೂ ತೆರೆದೇ ಇರುವ ಮನೆಯಲ್ಲಿ ಕಣ್ಣಿಗೆ ನೆಲೆ ಸಿಗದು. ಜಂತೆಗಳು ಅಡ್ಡಿಪಡಿಸದಿದ್ದರೆ ತಿರುಗಿಸದಿರುವುದೇ ಮೇಲು. ತಿರುಗಿಸಬೇಕಾದರೆ ಮೂಲೆಮಟ್ಟಕ್ಕೆ ಸರಿಯಾಗಿ, ಬಾಗಿಲಿನಲ್ಲಿ, ಮುಚ್ಚುಮರೆಯಿಲ್ಲದೆ ತಿರುಗಿಸುವುದು ಮೇಲು. ಕೋಣೆಯ ನಡುವೆ ತಿರುಗಿಸುವುದನ್ನು ಮಾತ್ರ ನಾವು ಸಮರ್ಥಿಸಲಾರೆವು.

ಆದರೆ ಕೋಣೆಯ ನಡುವೆ ತಿರುಗಿಸಬೇಕಾದ ಸಂದರ್ಭವೂ ಈಚೆಗೆ ಹೆಚ್ಚಾಗಿ ಒದಗುತ್ತಿದೆ. ಹಳೆಯ ಮನೆಯ ಎರಡು ಚಿಕ್ಕ ಕೋಣೆಗಳ ನಡುವಣ ಗೋಡೆಯನ್ನು ಕೆಡವಿ ಒಂದು ದೊಡ್ಡ ಹಜಾರ ಮಾಡಿಸುವುದು ಅಲ್ಲಿನ ಈಗಿನ ಅಭಿರುಚಿ. ಗೋಡೆ ಹೋದ ಜಾಗದಲ್ಲಿ ನಾಲ್ಕೈದು ಅಂಗುಲ ಅಗಲದ ಬರಿಯ ಒಳನೆಲ ಬಾಯಿತೆರೆದಿರುವುದು. ಅದರ ಎಡಕ್ಕೆ ಒಂದು ದಿಕ್ಕಿನ ಹಲಗೆ, ಬಲಕ್ಕೆ ಇನ್ನೊಂದು ದಿಕ್ಕಿನ ಹಲಗೆ. ಇಂತಹ ಮನೆಯೊಡೆಯರಿಗೆ ಎರಡು ಮಾತು ಹೇಳಬೇಕಾಗಿದೆ. ಮೊದಲನೆಯದು ಗೋಡೆಯನ್ನು ಕೆಡಹುವ ಮುಂಚಿನದು. ನೆಲದ ಹಲಗೆಯ ದಿಕ್ಕು ಕೆಳಗಿರುವ ಜಂತೆಗಳ ಸುಳಿವು ಕೊಡುವುದೇ ಹೊರತು ಆ ಗೋಡೆಯ ತಲೆಯ ಮೇಲೆ ಏನು ಕುಳಿತಿದೆಯೆಂಬುದನ್ನು ಹೇಳದು. ಮೇಲಂತಸ್ತಿನ ಜಂತೆಗಳು ಆ ಗೋಡೆಯ ಮೇಲೆಯೇ ತುದಿಯೂರಿ ನಿಂತಿರಬಹುದು. ನೆಲವನ್ನು ನೋಡಿ ಇದು ಬರಿಯ ಮರೆಗೋಡೆಯೆಂದು ನಿಶ್ಚಯಿಸುವುದು ಪ್ರಾಣಕ್ಕೆ ಅಪಾಯಕರ. ಕಟ್ಟಡದ ಶಾಸ್ತ್ರ ಬಲ್ಲವರು ಮೇಲ್ಭಾಗವನ್ನು ಬಿಚ್ಚಿ ನೋಡಿ ಹೇಳಬೇಕು. ಎರಡನೆಯದು ಕೆಡವಿದ ಮೇಲಿನದು. ಆ ಬಾಯಿಯನ್ನು ಒಂದು ಕಡೆಯ ಹಲಗೆಯ ತುಣುಕುಗಳಿಂದ ತೇಪೆ ಹಾಕುವುದಕ್ಕಿಂತ ಗೋಡೆಯಿದ್ದ ಉದ್ದಕ್ಕೂ ಒಂದೇ ಜಾತಿಯ ಅಗಲವಾದ ಹಲಗೆಯನ್ನು, ಎಡೆ ಬಿಡದೆ ಆದರೆ ಅಂಟಿಸದೆ, ಮೊಳೆಯಿಂದ ಮಾತ್ರ ಕೂರಿಸುವುದು ಒಳ್ಳೆಯದು. ಇಲ್ಲಿ ಗೋಡೆಯಿತ್ತೆಂದು ಅದು ತೋರಿಸಿಕೊಡುವುದೆಂದು ಕೆಲವರು ಆಕ್ಷೇಪಿಸುವರು. ತೋರಿಸಿಕೊಟ್ಟರೆ ಏನಾಯಿತು? ಅಲ್ಲಿ ಗೋಡೆಯಿದ್ದುದು ನಿಜವೇ ತಾನೆ!

ದಿಕ್ಕಿನ ಪ್ರಶ್ನೆಯನ್ನೇ ಮುರಿದುಹಾಕಿದ ಜಾಣರೂ ಇದ್ದಾರೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಮೊದಲಿದ್ದ ಅಮೃತಶಿಲೆಯ ನೆಲಕ್ಕೆ ಬದಲಾಗಿ 1684ರ ಹೊತ್ತಿಗೆ ಮರದ ಚೌಕಗಳನ್ನು ಹಾಸತೊಡಗಿದರು. ಶಿಲೆಯನ್ನು ತೊಳೆದ ನೀರು ಕೆಳಗಿನ ಜಂತೆಗಳನ್ನು ಕೊಳೆಯಿಸುತ್ತಿದ್ದುದೇ ಅದಕ್ಕೆ ಕಾರಣವೆಂದು ಹೇಳುವರು. ಚೌಕದೊಳಗೆ ಹಲಗೆಗಳು ಒಂದರೊಳಗೊಂದು ಹೆಣೆದುಕೊಂಡು ಓರೆಯಾಗಿ ಓಡುವುವು. ಮೀನಿನ ಮುಳ್ಳಿನಂತೆ ಜೋಡಿಸುವ ಇನ್ನೊಂದು ಕ್ರಮದಲ್ಲಿಯೂ ಅರ್ಧ ಹಲಗೆಗಳು ಒಂದು ಕಡೆಗೆ, ಅರ್ಧ ಇನ್ನೊಂದು ಕಡೆಗೆ ವಾಲಿರುವುವು. ಇಂತಹ ನೆಲ ಎಲ್ಲ ದಿಕ್ಕಿಗೂ ಸ್ವಲ್ಪ ಸ್ವಲ್ಪ ಹಿಗ್ಗುವುದೇ ಹೊರತು ಒಂದೇ ಕಡೆಗೆ ನುಗ್ಗುವುದಿಲ್ಲ. ಯಾವ ಬಾಗಿಲನ್ನಾದರೂ ಅನುಮತಿ ಕೇಳದೆ ದಾಟುವುದು. ಕೂಲಿಯ ವಿಷಯ ಮಾತ್ರ ಕೇಳಬಾರದು.

ಇನ್ನು ನಮ್ಮ ಬೆಂಗಳೂರು ಮೈಸೂರುಗಳ ಹೊಸ ಮನೆಗಳಿಗೆ ಬಂದರೆ, ಅಲ್ಲಿ ಜಂತೆಯೂ ಇಲ್ಲ, ಮೊಳೆಯೂ ಇಲ್ಲ. ಕಾಂಕ್ರೀಟಿನ ನೆಲದ ಮೇಲೆ ತೆಳುವಾದ ಹಾಳೆಯೊಂದನ್ನು ಹಾಸಿ, ಅದರ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲಗೆಗಳನ್ನು, ಯಾವುದಕ್ಕೂ ಕಟ್ಟುಹಾಕದೆ, ತೇಲಿಬಿಟ್ಟಂತೆ ಹಾಸುವರು. ಹಲವು ಪದರಗಳನ್ನು ಎಳೆ ಅಡ್ಡಡ್ಡವಾಗುವಂತೆ ಒತ್ತಿ ಮಾಡಿದ ಹಲಗೆಯಾದರೆ ಅಗಲದ ಹಿಗ್ಗೂ ಬಹಳಮಟ್ಟಿಗೆ ತಗ್ಗುವುದು. ಜಂತೆಗಳ ಮಾತು ಇಲ್ಲಿ ನಿಂತುಹೋಯಿತು. ಆದುದರಿಂದ ಯಾವ ದಿಕ್ಕಿಗಾದರೂ ಹಾಸಬಹುದೆಂಬುದು ನಿಜ. ಎಷ್ಟು ದೂರವಾದರೂ ಹಾಸಬಹುದೆಂಬುದು ನಿಜವಲ್ಲ. ತೇಲುವ ನೆಲ ಒಂದೇ ಹಾಳೆಯಂತೆ ಒಟ್ಟಿಗೆ ಸರಿಯುವುದರಿಂದ ಕೋಣೆಕೋಣೆಗಳಿಗೆ ಕಡಿಯದೆ ಹರಿಸಿದರೆ ಬಾಗಿಲಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಅಲ್ಲಿಯೇ ಸಂದು ಬಿಚ್ಚುವುದು, ಇಲ್ಲವೆ ಉಬ್ಬುವುದು. ಅಲ್ಲಿ ಎಡೆಬಿಟ್ಟು, ಎಡೆಯ ಮೇಲೆ ಸಣ್ಣ ಮುಚ್ಚುಪಟ್ಟಿಯನ್ನು ಕೂರಿಸುವುದನ್ನು ತಯಾರಕರು ವಿಧಿಸಿರುವರು. ದಿಕ್ಕು ತಿರುಗಿಸುವ ಕಡೆಯಂತೂ ಅದು ಇರಲೇಬೇಕು. ಆ ಪಟ್ಟಿ ಕಾಲಿಗೆ ತಾಕುವುದೆಂದು ಮನೆಯವರು ತೆಗೆಸಿಬಿಡುವುದುಂಟು. ತೆಗೆಸುವ ಮೊದಲು ಚೈತ್ರದ ಬಿಸಿಲನ್ನೂ ಆಷಾಢದ ಮಳೆಯನ್ನೂ ಆ ನೆಲ ಒಂದು ಸಲವಾದರೂ ಕಂಡಿರಬೇಕು.

ಹಲಗೆಯನ್ನು ಅಂಗಡಿಯಿಂದ ತಂದ ದಿನವೇ ಹಾಸಬಾರದು. ಅದನ್ನು ಹಾಸುವ ಕೋಣೆಯಲ್ಲಿಯೇ ಬಿಚ್ಚಿ ಗಾಳಿಯಾಡುವಂತೆ ಒಟ್ಟಿ, ಮರದ ನೀರಿನಂಶವನ್ನು ಅಳೆಯುವ ಯಂತ್ರದಿಂದ ಹಲಗೆಯನ್ನೂ ಒಳನೆಲವನ್ನೂ ಪರೀಕ್ಷಿಸಬೇಕು. ಮೂರು ಅಂಗುಲಕ್ಕಿಂತ ಕಿರಿದಾದ ಪಟ್ಟಿಗಾದರೆ ಎರಡರ ನೀರಿನಂಶಕ್ಕೂ ಶೇಕಡ 4ರೊಳಗೆ ಅಂತರವಿರಬಹುದು. ಅದಕ್ಕೂ ಅಗಲವಾದ ಹಲಗೆಗೆ ಶೇಕಡ 2ಕ್ಕೆ ಮೀರಕೂಡದು. ಬಾಗಿಲಿನ ಅಡ್ಡಹಲಗೆಗಾಗಿ ಒಟ್ಟಿಲಿನಲ್ಲಿ ಎಲ್ಲಕ್ಕಿಂತ ನೆಟ್ಟಗಿರುವ, ಗಂಟಿಲ್ಲದ, ಉಂಗುರಗಳು ನಿಂತಂತೆ ಕೊಯ್ದ ಒಂದು ಪಟ್ಟಿಯನ್ನು ಮೊದಲೇ ಆರಿಸಿ ಬೇರೆಯಾಗಿ ತೆಗೆದಿಡಬೇಕು. ಕೆಲಸ ಬಾಗಿಲಿಗೆ ಬರುವಷ್ಟರಲ್ಲಿ ಒಳ್ಳೆಯ ಪಟ್ಟಿಗಳೆಲ್ಲ ಮಂಚದ ಕೆಳಗೆ ಮರೆಯಾಗುವ ಮೂಲೆಗಳಿಗೆ ಮುಗಿದುಹೋಗಿರುವುದು ಸಾಮಾನ್ಯ.